ಬಾಗಿಲಿಗೆ ಬೇವು ಕಟ್ಟಿದ ದಿನ ನಾನು ಮಲಗಿದೆ

ನನ್ನ ಮಗಳ ದನಿ ಕೇಳಿದರೆ ನನಗೆ ಮೈಯೆಲ್ಲ ನೋಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನೆಲ್ಲ ಹೇಳುತ್ತ ಹೋದರೆ ಕೊನೆಗೆ ಇದನ್ನು ಹೇಳುವ ಧೈರ್ಯ ನನಗೆ ಉಳಿಯುವುದಿಲ್ಲ. ತಾಯಿ ಮಾರಮ್ಮನನ್ನು ನಂಬಿದ ಅಕ್ಕಂದಿರು, ಅಣ್ಣಂದಿರು ನನ್ನನ್ನು ಕೆಟ್ಟ ತಾಯಿ ಎಂದುಕೊಳ್ಳುವ ಮುಂಚೆ ಪೂರ್ತಿ ಓದಿ. ಆಮೇಲೆ ಏನು ಬೇಕಾದರೂ ಅಂದುಕೊಳ್ಳಿ.

ನನ್ನ ಹೆಸರು ಲಲಿತ, ಊರು ಶಿರಾ. ಅಂಗನವಾಡಿಯಲ್ಲಿ ಟೀಚರಾಗಿದ್ದೆ. ಒಂದು ಕೋಣೆ ತುಂಬ ಮಕ್ಕಳು ಒಟ್ಟಿಗೆ ಅಳುತ್ತಿದ್ದರೂ ನಾನು ನಡುವೆ ಕೂತು ನಿಶ್ಚಿಂತೆಯಾಗಿ ಮೊಟ್ಟೆ ಸುಲಿಯುತ್ತಿದ್ದವಳು. ನಮ್ಮ ಯಜಮಾನರು ತಿಮ್ಮರಾಜು, ಶಿರಾದಿಂದ ಮಧುಗಿರಿ ಮೇಲೆ ಪಾವಗಡಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರು. ಬಸ್‌ ಸ್ಟ್ಯಾಂಡಿನಲ್ಲಿ ಕೂಗಿ ಕೂಗಿ ಅವರ ಗಂಟಲು ಮನೆಗೆ ಬಂದರೂ ಇಳಿಯುತ್ತಿರಲಿಲ್ಲ. ಉಪ್ಪು ಕೇಳಿದರೂ ಪಕ್ಕದ ಬೀದಿಗೆ ಗೊತ್ತಾಗುತ್ತಿತ್ತು. ಮಗಳು ಚೈತ್ರ ಅಪ್ಪನ ಗಂಟಲನ್ನೇ ಪಡೆದು ಹುಟ್ಟಿದವಳು. ಒಬ್ಬಳೇ ಮಗಳು. ಅವಳು ಸ್ಕೂಲಿನಿಂದ ಬರುತ್ತಿದ್ದಾಳೆ ಅನ್ನುವುದು ಬೀದಿಯ ತಿರುವಿನಲ್ಲೇ ನನಗೆ ತಿಳಿಯುತ್ತಿತ್ತು, ತಿಳಿದ ಕೂಡಲೇ ಒಲೆಯ ಮೇಲೆ ಹಾಲಿಡುತ್ತಿದ್ದೆ.

ಕಾಯಿಲೆ ಬೆರಳ ಗೆಣ್ಣುಗಳಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದರೆ ಸೀರೆಯ ನೆರಿಗೆ ಹಿಡಿಯಲು ಆಗುತ್ತಿರಲಿಲ್ಲ. ಆಮೇಲೆ ಬಿಟ್ಟು ಬಿಟ್ಟು ಜ್ವರ, ಕೂದಲು ಉದುರುವುದು, ಎರಡು ಕೆನ್ನೆಯ ಮೇಲೂ ಕೆಂಪು ಮಚ್ಚೆ. ತುಮಕೂರಿನ ಆಸ್ಪತ್ರೆಯಲ್ಲಿ ರಕ್ತ ತೆಗೆದು, ಮತ್ತೆ ತೆಗೆದು, ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಮನೆ ಕಾಯೋ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ ಅಂದ್ಕೊಳ್ಳಿ. ನಿಮ್ಮ ಮೈ ಕಾಯಬೇಕಾದ ಶಕ್ತಿನೇ ನಿಮ್ಮ ಮೈ ಮೇಲೆ ಬಿದ್ದಿದೆ. ಇದು ಪೂರ್ತಿ ಹೋಗೋ ಕಾಯಿಲೆ ಅಲ್ಲಮ್ಮ, ಹತೋಟಿಲಿ ಇಟ್ಕೊಳ್ಳೋ ಕಾಯಿಲೆ." ಯಜಮಾನರು, "ಎಷ್ಟು ವರ್ಷ ಸಾರ್?" ಎಂದರು. ಡಾಕ್ಟರು ಚೀಟಿ ಬರೆಯುತ್ತಲೇ ಇದ್ದರು.

ನೋವನ್ನು ಹೇಗೋ ತಡೆಯಬಹುದಿತ್ತು. ನಿದ್ದೆ ಹೋಯಿತು ನೋಡಿ, ಅಲ್ಲಿಗೆ ನಾನು ಮುಗಿದೆ. ರಾತ್ರಿ ನೋವು ಮಲಗಗೊಡುತ್ತಿರಲಿಲ್ಲ, ನುಂಗುವ ಮಾತ್ರೆಗಳೂ ನಿದ್ದೆ ಕೆಡಿಸುತ್ತಿದ್ದವು. ಬೆಳಗಿನ ಜಾವ ಕಣ್ಣು ಮುಚ್ಚುವ ಹೊತ್ತಿಗೆ ಊರು ಏಳುತ್ತಿತ್ತು. ಹಾಗೆ ವಾರ, ತಿಂಗಳು ಕಳೆದ ಮೇಲೆ ಸದ್ದು ನನ್ನ ಶತ್ರುವಾಯಿತು. ಚಮಚ ಬಿದ್ದರೆ, ಕುಕ್ಕರು ಕೂಗಿದರೆ, ಬೈಕು ಹೋದರೆ, ಆ ಸದ್ದು ಕಿವಿಗೆ ಬೀಳುತ್ತಿರಲಿಲ್ಲ, ಹಲ್ಲಿನ ಬೇರಿಗೆ ಬೀಳುತ್ತಿತ್ತು. ಅಲ್ಲಿಂದ ಮಂಡಿಗೆ ಇಳಿಯುತ್ತಿತ್ತು. ಇದನ್ನು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ನನಗೇ ಬಾರದಿದ್ದರೆ ನಾನೂ ನಂಬುತ್ತಿರಲಿಲ್ಲವೇನೋ.

ಕಿವಿ ತೋರಿಸಿ ಎಂದರು. ತೋರಿಸಿದೆವು. ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, "ಸೌಂಡ್ ಕೇಳಿಸಿದಾಗ ಕೈ ಎತ್ತಿ" ಎಂದು ಬಾಗಿಲು ಹಾಕಿಕೊಂಡರು. ಎಂಥ ನಿಶ್ಶಬ್ದ ಅಂತೀರಿ ಆ ಕೋಣೆ. ಅಲ್ಲಿ ಹಾಸಿಗೆ ಹಾಸಿಕೊಡಿ ಎಂದು ಕೇಳೋಣ ಅನ್ನಿಸಿತು. ಕೂತಲ್ಲೇ ತೂಕಡಿಸಿಬಿಟ್ಟೆ. ಪರೀಕ್ಷೆ ಮಾಡುವ ಹುಡುಗಿ ಗಾಜಿನ ಆಚೆಯಿಂದ ತಟ್ಟಿ ಎಬ್ಬಿಸಿದಳು. ಪರೀಕ್ಷೆ ಮುಗಿದು, "ಕಿವಿ ತುಂಬಾ ಚೆನ್ನಾಗಿದೆ" ಎಂದು ಬರೆದುಕೊಟ್ಟರು. ಅದೇ ನನಗೆ ಮುಳುವಾಯಿತು. ಬೀದಿಯಲ್ಲಿ, "ಕಿವಿ ನೆಟ್ಗೈತಂತೆ ಕಣಮ್ಮ, ಸುಮ್ಕೆ ಕೊಬ್ಬು" ಎಂದು ಮಾತಾಡಿಕೊಂಡರು. ಅದನ್ನೂ ನನ್ನ ಚೆನ್ನಾಗಿರುವ ಕಿವಿಯಲ್ಲೇ ಕೇಳಿಸಿಕೊಂಡೆ.

ಮನೆಯವರು ಮಾಡಬೇಕಾದ್ದೆಲ್ಲ ಮಾಡಿದರು. ಕುಕ್ಕರನ್ನು ಅಟ್ಟಕ್ಕೆ ಹಾಕಿ ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದರು. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿದರು. ಪಾತ್ರೆ ಜೋಡಿಸುವ ಕಡೆ ಗೋಣಿಚೀಲ ಹಾಸಿದರು. ನಾನು ಹತ್ತಿ ತುರುಕಿಕೊಂಡು, ಮೇಲೆ ಟವೆಲ್ ಸುತ್ತಿಕೊಂಡು, ರಾಗಿಮೂಟೆ ಇಡುವ ಒಳಕೋಣೆಯಲ್ಲಿ ಮಲಗುತ್ತಿದ್ದೆ. ದಿನವೆಲ್ಲ ಊರೂರು ಕೂಗುವ ಮನುಷ್ಯ ಮನೆಗೆ ಬಂದರೆ ಕೈಸನ್ನೆಯಲ್ಲಿ ಊಟ ಕೇಳುತ್ತಿದ್ದರು. ನೋಡಿದರೆ ನನಗೆ ಅಳು ಬರುತ್ತಿತ್ತು. ಅಳುವುದಕ್ಕೂ ಹೆದರಿಕೆ, ನನ್ನ ಅಳುವಿನ ಸದ್ದೇ ನನಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಚೈತ್ರ ಸ್ಕೂಲಿನಲ್ಲಿ ಕಂಠಪಾಠಕ್ಕೆ ಬಹುಮಾನ ತಂದಳು. ಬಾಗಿಲಿನಿಂದಲೇ "ಅಮ್ಮಾ" ಎಂದು ಓಡಿಬಂದು, ಹೇಳಿದ ಪದ್ಯವನ್ನು ನನ್ನ ಮುಂದೆ ನಿಂತು ಮತ್ತೆ ಹೇಳತೊಡಗಿದಳು. ಪಾಪ, ಮಗು ಮರೆತಿತ್ತು. ನಾನು ಎರಡೂ ಕಿವಿ ಮುಚ್ಚಿಕೊಂಡು, "ಬಾಯಿ ಮುಚ್ಚೇ, ಸಾಯಿಸ್ಬೇಡ ನನ್ನ" ಎಂದೆ. ಅಷ್ಟೇ. ಅವಳು ಬಹುಮಾನದ ಡಬ್ಬಿಯನ್ನು ಗೋಣಿಚೀಲದ ಮೇಲೆ ಮೆಲ್ಲಗೆ ಇಟ್ಟು ಒಳಗೆ ಹೋದಳು. ಆ ವಾರವೇ ಯಜಮಾನರು ಅವಳನ್ನು ತೋವಿನಕೆರೆಯ ನಮ್ಮಕ್ಕನ ಮನೆಗೆ ಕರೆದುಕೊಂಡು ಹೋದರು. ಮಧುಗಿರಿಯಲ್ಲಿ ಒಂದು ಬಸ್ಸು, ಕೊರಟಗೆರೆಯಲ್ಲಿ ಇನ್ನೊಂದು ಬಸ್ಸು. ಅಷ್ಟು ದೂರವೂ ಹುಡುಗಿ ಒಂದು ಮಾತಾಡಲಿಲ್ಲವಂತೆ. ಸ್ಕೂಲನ್ನೂ ಅಲ್ಲಿಗೇ ಹಾಕಿದೆವು. ಫೋನಿನಲ್ಲಿ ಮಾತಾಡಲು ನನಗೆ ಆಗದು, ಅದರ ದನಿ ಇನ್ನೂ ಹರಿತ. "ಅಮ್ಮ ಊಟ ಆಯ್ತಾ" ಎಂದು ಅವಳು ಬರೆದು ಕಳಿಸುವುದು, "ಆಯ್ತು ಕಂದಾ" ಎಂದು ನಾನು ಬರೆಯುವುದು. ಹೆತ್ತ ಮಗಳ ಜೊತೆ ನನ್ನ ಬಾಳು ಇಷ್ಟಕ್ಕೆ ಬಂದು ನಿಂತಿತ್ತು.

ಇನ್ನು ಎದುರುಗಡೆಯ ಬಷೀರ್ ಸಾಬರ ವಿಷಯ. ಅವರದು ತಗಡಿನ ಟ್ರಂಕು ಮಾಡುವ ಅಂಗಡಿ, ನಮ್ಮ ಬಾಗಿಲಿಗೆ ಸರಿಯಾಗಿ ಅವರ ಬಾಗಿಲು. ಕಬ್ಬಿಣದ ಅಡಿಗಲ್ಲಿನ ಮೇಲೆ ತಗಡು ಇಟ್ಟು ಬೆಳಿಗ್ಗೆಯಿಂದ ಸಂಜೆಯ ತನಕ ಬಡಿಯುವುದು. ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ ಸದ್ದೇ ಅದು. ನಮ್ಮ ಮನೆಯ ಟ್ರಂಕೂ ಅವರು ಮಾಡಿದ್ದೇ. ಆದರೆ ಈಗ ಒಂದೊಂದು ಪೆಟ್ಟೂ ನನ್ನ ನೆತ್ತಿಯ ಮೇಲೆ. ಯಜಮಾನರು ಹೋಗಿ ಕೇಳಿಕೊಂಡರು. ಸಾಬರು, "ಏನ್ ಮಾಡ್ಲಿ ತಿಮ್ಮಣ್ಣ, ನನ್ ಕೆಲ್ಸನೇ ಬಡಿಯೋದು. ಮೆತ್ತಗೆ ಬಡುದ್ರೆ ತಗಡು ಬಗ್ಗಲ್ಲ" ಎಂದರು. ಒಂದು ದಿನ ನಿಲ್ಲಿಸಿದರು, ಮಾರನೆಯ ದಿನ ಮತ್ತೆ ಶುರು. ನಾನು ಒಮ್ಮೆ ಟವೆಲ್ ಸುತ್ತಿಕೊಂಡೇ ಬೀದಿಗೆ ಹೋಗಿ ಅವರನ್ನು ಬಾಯಿಗೆ ಬಂದಂತೆ ಬೈದೆ. ವಯಸ್ಸಿನಲ್ಲಿ ನಮ್ಮಪ್ಪನಷ್ಟು ದೊಡ್ಡವರು. ಅವರು ಸುತ್ತಿಗೆ ಹಿಡಿದುಕೊಂಡೇ ತಲೆ ತಗ್ಗಿಸಿ ಕೇಳಿಸಿಕೊಂಡರು. ಆಮೇಲೆ ಬೀದಿಯಲ್ಲಿ ನನ್ನನ್ನು ಮಾತಾಡಿಸುವವರೇ ಇಲ್ಲವಾದರು.

ಹೋದ ವರ್ಷಕ್ಕೆ ಹಿಂದಿನ ವರ್ಷ, ಯುಗಾದಿ ಕಳೆದು ಬಿಸಿಲು ಏರಿದ್ದ ಕಾಲ. ಕಾಯಿಲೆ ಮತ್ತೆ ಕೆರಳಿ ಜ್ವರ ಬಂದಿತ್ತು, ಮುಖದ ಕೆಂಪು ಕುತ್ತಿಗೆಗೆ ಇಳಿದಿತ್ತು. ಒಳಕೋಣೆಯಲ್ಲಿ ನಾನೊಬ್ಬಳೇ. ಹೊರಗೆ ತಗಡು. ಗೋಡೆಯ ಮೇಲೆ ತಾಯಿ ಮಾರಮ್ಮನ ಪಟ ಇದೆ, ನಮ್ಮತ್ತೆಯ ಊರಿನದು. ಅದನ್ನು ನೋಡಿ ಜಗಳವಾಡಿದೆ. ಸುಳ್ಳು ಹೇಳುವುದಿಲ್ಲ, ಅದು ಪ್ರಾರ್ಥನೆಯಲ್ಲ, ಜಗಳವೇ. "ನಿನ್ನ ಗುಡಿಗೆ ಬಂದರೆ ಗಂಟೆ ಹೊಡೆಯುತ್ತಾರೆ, ನಾನು ಬರಲಾರೆ. ನೀನೇ ಬರಬೇಕು. ಕಾಯಿಲೆ ವಾಸಿ ಮಾಡು ಅಂತ ಕೇಳಲ್ಲ, ಡಾಕ್ಟರೇ ಆಗಲ್ಲ ಅಂದವರೆ. ನಂಗೆ ಒಂದು ನಿದ್ದೆ ಕೊಡು. ನನ್ನ ಮಗಳ ದನಿ ಕೇಳೋ ಹಂಗೆ ಮಾಡು. ಇದೆರಡು ಆಗದಿದ್ದರೆ ನನ್ನ ಎತ್ಕೊಂಡು ಹೋಗು, ತಾಯಿ ಅನ್ನಿಸ್ಕೊಂಡು ಸುಮ್ಮನೆ ನೋಡ್ತಾ ನಿಂತ್ಕಬೇಡ." ಹೀಗೆ ಹೇಳಿ ಗೋಡೆಯ ಕಡೆ ತಿರುಗಿಕೊಂಡೆ. ಆ ಹೊತ್ತು ನನಗೆ ಬದುಕುವ ಆಸೆ ನಿಜವಾಗಿಯೂ ಇರಲಿಲ್ಲ.

ಎರಡು ದಿನ ಬಿಟ್ಟು ಅತ್ತೆ ಬಂದರು. ಓಬಳಮ್ಮ ಎಂದು ಅವರ ಹೆಸರು. ಪಾವಗಡದಿಂದಾಚೆ ಆಂಧ್ರದ ಗಡಿಯ ಹಳ್ಳಿಯವರು, ಮಾತಿನಲ್ಲಿ ಅರ್ಧ ತೆಲುಗು. ಎರಡು ಕಣ್ಣಿಗೂ ಪೊರೆ ಬಂದಿತ್ತು, ಆಪರೇಷನ್ ಎಂದರೆ ಎದ್ದು ಹೋಗುತ್ತಿದ್ದರು. ಮಗನ ಬಸ್ಸಿನಲ್ಲೇ ಬಂದು, ಒಂದು ಚೀಲ ಕಡಲೆಕಾಯಿ ಜೊತೆಗೆ ನಮ್ಮ ಬೀದಿಯಲ್ಲಿ ಇಳಿದರು. ಯಜಮಾನರು ಬಸ್ಸಿಗೆ ಹೊತ್ತಾಯಿತೆಂದು ಹಾಗೇ ಹಿಂದಿರುಗಿದರು. ಅತ್ತೆ ಒಳಕೋಣೆಗೆ ಬಂದು, ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಮೂಗಿಗೆ ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಹಣೆ ಮುಟ್ಟಿದರು.

"ಅಯ್ಯೋ ತಲ್ಲೀ. ಅಮ್ಮ ಬಂದವ್ಳೆ ಕಣೇ ನಿನ್ ಮೈಗೆ. ಇಷ್ಟು ಕೆಂಪಗೆ ಎದ್ದೈತೆ, ಯಾರೂ ನೋಡ್ಲಿಲ್ವಾ?"

"ಅಮ್ಮ ಅಲ್ಲ ಅತ್ತೆ, ಇದು ಕಾಯಿಲೆ ಕೆಂಪು."

"ನೀನು ಊರ್ಕೋ, ಸುಮ್ಕಿರು. ನನ್ ಮಕ್ಳಿಗೆಲ್ಲ ಅಮ್ಮ ಆದಾಗ ಕಾಯ್ದೋಳು ನಾನು. ನಂಗೇ ಹೇಳ್ಕೊಡ್ತೀಯ?"

ವಾದ ಮಾಡುವ ತ್ರಾಣ ನನಗೆ ಇರಲಿಲ್ಲ. ನಮ್ಮ ಕಡೆ ಮನೆಯಲ್ಲಿ ಅಮ್ಮ ಆದರೆ, ಅಂದರೆ ಮೈಮೇಲೆ ಸಿಡುಬು ಎದ್ದರೆ, ತಾಯಿಯೇ ಮೈಗೆ ಬಂದಿದ್ದಾಳೆ ಎಂದು ನಡೆದುಕೊಳ್ಳುತ್ತೇವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಒಗ್ಗರಣೆ ಹಾಕುವುದಿಲ್ಲ, ಬೀಸುವುದು ಕುಟ್ಟುವುದು ಇಲ್ಲ, ಜೋರಾಗಿ ಮಾತಿಲ್ಲ. ಸೊಪ್ಪು ಕಟ್ಟಿದ ಮನೆಯ ಮುಂದೆ ಊರೇ ಮೆತ್ತಗೆ ನಡೆಯುತ್ತದೆ. ಸದ್ದಾದರೆ ತಾಯಿ ಮುನಿಯುತ್ತಾಳೆ.

ಅತ್ತೆ ಹಿತ್ತಲ ಬೇವನ್ನು ತಡಕಿ ತಡಕಿ ಮುರಿದುಕೊಂಡು ಬಂದು ಬಾಗಿಲ ಎರಡೂ ಕಡೆ ಕಟ್ಟಿದರು. ಅರಿಶಿನದ ನೀರು ಚಿಮುಕಿಸಿದರು. ಆಮೇಲೆ ಬೀದಿಗೆ ನಿಂತು, "ಅಪ್ಪಗಳಿರಾ, ಮನೇಲಿ ಅಮ್ಮ ಅವ್ಳೆ. ಸದ್ದು ಮಾಡ್ಬ್ಯಾಡ್ರಪ್ಪ" ಎಂದರು. ಎದುರಿನ ಸುತ್ತಿಗೆ ಅಲ್ಲಿಗೇ ನಿಂತಿತು. ಬಷೀರ್ ಸಾಬರು ಮೆಲುದನಿಯಲ್ಲಿ, "ಯಾರ್ಗವ್ವ, ಲಲಿತಮ್ಮಂಗಾ?" ಎನ್ನುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರು ಯಾರನ್ನೋ ಕರೆದು ಅಡಿಗಲ್ಲನ್ನು ಎತ್ತಿಸುತ್ತಿದ್ದರು. ಪಕ್ಕದ ಮನೆಯ ಟೀವಿ ಆರಿತು. ಹಾಲಿನವನು ಬೈಕನ್ನು ತಿರುವಿನಲ್ಲೇ ನಿಲ್ಲಿಸಿ ನಡೆದು ಬಂದ. ಅತ್ತೆ ನನ್ನ ಚಾಪೆಯ ಮೇಲೆ ಬೇವಿನೆಲೆ ಹರಡಿ ಮಲಗಿಸಿ, ಒಂದು ರೆಂಬೆಯಿಂದ ಗಾಳಿ ಹಾಕುತ್ತ ಕೂತರು. ಗಾಳಿ ತಣ್ಣಗಿತ್ತು, ಕಹಿ ವಾಸನೆ. ಟವೆಲ್ ಬಿಚ್ಚಿದೆ. ಹತ್ತಿ ತೆಗೆದೆ.

ಎದ್ದಾಗ ಬಿಸಿಲು ಬೇರೆ ಕಡೆಯಿಂದ ಬರುತ್ತಿತ್ತು. ಮಾರನೆಯ ದಿನದ ಬೆಳಗಾಗಿತ್ತು. ಅತ್ತೆ ಕೂತಲ್ಲೇ ಇದ್ದರು, ಕೈಯಲ್ಲಿ ರೆಂಬೆ. ಯಜಮಾನರು ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತು ಅಲುಗಾಡದೆ ಮಲಗಿದ್ದಕ್ಕೆ ಹೆದರಿ, ಉಸಿರಿದೆಯೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದ್ದರಂತೆ.

ಅವರೇ ಅತ್ತೆಗೆ ಸತ್ಯ ಹೇಳಿದ್ದು. "ಅವ್ವಾ, ಇದು ಅಮ್ಮ ಅಲ್ಲ ಕಣವ್ವ. ಆ ಕಾಯ್ಲೇದೇ ಕೆಂಪು. ಡಾಕ್ಟ್ರು ಮೊದ್ಲೇ ಹೇಳವ್ರೆ."

ಅತ್ತೆಯ ಮುಖ ಬಿಳಿಚಿಕೊಂಡಿತು. "ತಾಯಿ ಇಲ್ದ ಮನೇನ ತಾಯಿ ಅವ್ಳೆ ಅಂದ್ಬುಟ್ನಲ್ಲೋ. ಊರಿಗೆಲ್ಲ ಸಾರ್ಬುಟ್ಟೆ. ಅವಳು ಸುಮ್ಕೆ ಬುಟ್ಟಾಳಾ?" ಎಂದು ಎದ್ದು, ಸೊಪ್ಪು ಬಿಚ್ಚಲು ಬಾಗಿಲಿಗೆ ಹೋದರು. ನಾನು ಗೋಡೆ ಹಿಡಿದು ಹೋಗಿ ಅವರ ಕೈ ಹಿಡಿದುಕೊಂಡೆ. ಪಟದ ಮುಂದೆ ಜಗಳವಾಡಿದ್ದು, ನೀನೇ ಬಾ ಎಂದದ್ದು, ನಿದ್ದೆ ಬೇಡಿದ್ದು, ಎಲ್ಲ ಹೇಳಿದೆ. ಅವರು ಸೊಪ್ಪು ಬಿಚ್ಚುವುದನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ನೀನೇ ಬಾ ಅಂದಿದ್ಯಾ?"

"ಹೂಂ ಅತ್ತೆ."

"ಅಂಗಾದ್ರೆ ನನ್ ಕಣ್ಣಿಗೆ ಪೊರೆ ಸುಮ್ಕೆ ಬಂದಿಲ್ಲ ಬುಡು. ಏಂ ಕಾದು, ಏನೂ ಆಗಲ್ಲ, ಹೋಗಿ ಮಲಕ್ಕೋ."

ಆದರೂ ಬೀದಿಯವರನ್ನು ಕತ್ತಲಲ್ಲಿ ಇಡಲು ಅವರ ಮನಸ್ಸು ಒಪ್ಪಲಿಲ್ಲ. ಅದೇ ದಿನ ಎದುರಿನ ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. "ಸಾಬ್ರೇ, ನನ್ ಕಣ್ಣು ಮಂಜು. ಅದು ಅಮ್ಮ ಅಲ್ವಂತೆ. ನಿಮ್ಗೆಲ್ಲ ತೊಂದ್ರೆ ಕೊಟ್ಬುಟ್ಟೆ."

ಬಷೀರ್ ಸಾಬರು ಬೀಡಿ ಆರಿಸಿದರು. "ಆಯಮ್ಮ ಮಲಗಿದ್ದು ನಿಜ ತಾನೆ?"

"ನಿನ್ನೆ ಮಲಗ್ದೋಳು ಈವತ್ತು ಎದ್ದವ್ಳೆ."

"ನೋಡವ್ವ, ನನ್ ಮಗನ್ಗೂ ಚಿಕ್ಕವಯಸ್ಸಲ್ಲಿ ಅಮ್ಮ ಆಗಿತ್ತು. ನಮ್ ಮನೆ ಬಾಗ್ಲಿಗೂ ಸೊಪ್ಪು ಕಟ್ಟಿದ್ವಿ. ಕಿವಿ ನೋವು, ನರ ನೋವು ಅಂತ ತಿಮ್ಮಣ್ಣ ಹೇಳ್ದಾಗ ನಂಗೆ ಆ ತಕ್ಲೀಫು ಏನೂಂತ ಗೊತ್ತಾಗ್ಲಿಲ್ಲ. ಬಾಗ್ಲಲ್ಲಿ ಸೊಪ್ಪು ಕಂಡ್ರೆ ಗೊತ್ತಾಗುತ್ತೆ. ಆಯಮ್ಮಂಗೆ ಜಾಸ್ತಿ ಆದ ದಿನ ನೀವು ಸೊಪ್ಪು ಕಟ್ರಿ. ನಾನು ಅಡಿಗಲ್ಲು ಎತ್ಕೊಂಡು ಹಿಂದ್ಗಡೆ ಹುಣಸೇಮರದ ಕೆಳಗೆ ಹೋಗ್ತೀನಿ. ಅಲ್ಲಿ ನೆರಳೂ ಐತೆ."

ಅಂದಿನಿಂದ ಹಾಗೆಯೇ ನಡೆಯಿತು. ಎಲ್ಲರೂ ಒಪ್ಪಿದರು ಎಂದರೆ ಸುಳ್ಳಾಗುತ್ತದೆ. "ವರ್ಷಾ ಪೂರ್ತಿ ಅಮ್ಮ ಇರ್ತಾಳಾ ಇವ್ರ ಮನೇಲಿ" ಎಂದು ನಕ್ಕವರಿದ್ದಾರೆ. ಮದುವೆಯ ಡಿಜೆ ಯಾವ ಸೊಪ್ಪಿಗೂ ಹೆದರಲಿಲ್ಲ, ಆ ದಿನಗಳಲ್ಲಿ ನಾನು ಸತ್ತು ಹುಟ್ಟಿದ್ದೇನೆ. ಆದರೆ ಕೆಟ್ಟ ದಿನಗಳಲ್ಲಿ ಹಗಲು ಒಂದಿಷ್ಟು ನಿದ್ದೆ ಸಿಕ್ಕಿತು. ಡಾಕ್ಟರಿಗೆ ಹೇಳಿದಾಗ ಅವರು ನಗಲಿಲ್ಲ. ಮಾತ್ರೆಯ ಹೊತ್ತನ್ನು ಬೆಳಿಗ್ಗೆಗೆ ಬದಲಾಯಿಸಿ, "ಮಲಗಿದ ಮೈಗೆ ನೋವು ತಡೆಯೋ ಶಕ್ತಿ ಬರುತ್ತಮ್ಮ. ಸೊಪ್ಪೂ ಕಟ್ಟಿ, ಮಾತ್ರೆನೂ ಬಿಡಬೇಡಿ" ಎಂದರು. ಬಿಟ್ಟಿಲ್ಲ. ನೀವೂ ಯಾರೂ ಬಿಡಬೇಡಿ. ಅತ್ತೆ ಊರಿಗೆ ಹಿಂದಿರುಗಲಿಲ್ಲ, ನಮ್ಮ ಬಾಗಿಲಲ್ಲೇ ಕಾವಲು ಕೂತರು.

ಮುಂದಿನ ಬೇಸಿಗೆ ರಜೆ ಮುಗಿದಾಗ ಚೈತ್ರ ಮನೆಗೆ ಬಂದಳು. ಉದ್ದ ಬೆಳೆದಿದ್ದಳು. ನಾನು ಅವಳ ದನಿ ತಡೆಯಬಲ್ಲೆನೆಂದು ಅಷ್ಟು ದಿನದಿಂದ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಆದರೆ ಬಂದವಳು ಬಾಯಿ ಬಿಡಲಿಲ್ಲ. ತುದಿಗಾಲಲ್ಲಿ ಓಡಾಡುತ್ತಾಳೆ, ಲೋಟವನ್ನು ಎರಡು ಕೈಯಲ್ಲಿ ಇಡುತ್ತಾಳೆ, ಕೆಮ್ಮು ಬಂದರೆ ಹಿತ್ತಲಿಗೆ ಹೋಗುತ್ತಾಳೆ. "ಏನಾದ್ರೂ ಮಾತಾಡೇ" ಎಂದರೆ ಪಿಸುಗುಟ್ಟುತ್ತಾಳೆ. ಒಳ್ಳೆಯ ಮಗಳು ಎಂದು ಅಕ್ಕಪಕ್ಕದವರು ಹೊಗಳಿದರು. ಮಗಳು ಹಿಂದಿರುಗಿದಳು, ಅವಳ ದನಿ ಹಿಂದಿರುಗಲಿಲ್ಲ. ಅದನ್ನು ತೆಗೆದವಳು ನಾನೇ.

ಹೋದ ಕಾರ್ತಿಕದಲ್ಲಿ ಅತ್ತೆ ತೀರಿಕೊಂಡರು. ಮೂರು ದಿನದ ಜ್ವರ, ಅಷ್ಟೇ. ಸಾಯುವ ಮುಂಚೆ ಮಗನನ್ನು ಕರೆದು, "ನನ್ನ ಎತ್ತೋವಾಗ ತಮಟೆ ಬ್ಯಾಡ ಕಣ್ಲಾ. ಆ ಮಗೀಗೆ ತಡಿಯಕಾಗಲ್ಲ" ಎಂದರಂತೆ. ಅವರು ಮಗು ಎಂದದ್ದು ನನ್ನನ್ನು. ನಮ್ಮ ಜನದಲ್ಲಿ ತುಂಬು ಬಾಳು ಬಾಳಿದ ಮುದುಕಿಯನ್ನು ತಮಟೆ ಇಲ್ಲದೆ ಕಳಿಸುವುದಿಲ್ಲ. ಪಾವಗಡದಾಚೆ ಅವರ ಹಳ್ಳಿಗೆ ಒಯ್ದಾಗ ಮೈದುನಂದಿರು, "ಅನಾಥ ಹೆಣದ ಹಂಗೆ ತಗಂಡೋಗದಾ?" ಎಂದು ಯಜಮಾನರ ಮೇಲೆ ಎಗರಿದರು. ಅವರು, "ಅವ್ವನ ಮಾತು" ಎಂದಷ್ಟೇ ಹೇಳಿ ತಲೆ ತಗ್ಗಿಸಿ ನಿಂತರು. ಬಷೀರ್ ಸಾಬರೂ ಅಷ್ಟು ದೂರ ಬಸ್ಸಿನಲ್ಲಿ ಬಂದು ಬೇಲಿಯ ಪಕ್ಕ ಕೂತಿದ್ದರು. ಹೆಂಗಸರು ನನ್ನ ಕಡೆ ನೋಡಿ ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ನನ್ನಿಂದ ಆ ಮುದುಕಿಗೆ ಒಂದು ಅಳುವಿನ ಸದ್ದೂ ಇಲ್ಲದೆ ಹೋಯಿತಲ್ಲ ಎಂದು ನೆಲಕ್ಕೆ ಇಳಿದುಹೋಗುತ್ತಿದ್ದೆ.

ಆಗ ಚೈತ್ರಳನ್ನು ನೋಡಿದೆ. ಅಜ್ಜಿಯ ಕಾಲ ಬಳಿ ನಿಂತಿದ್ದಳು. ಬಾಯಿ ಪೂರ್ತಿ ತೆರೆದಿದೆ, ಕುತ್ತಿಗೆಯ ನರ ಉಬ್ಬಿದೆ. ಸದ್ದಿಲ್ಲ. ನನ್ನ ಮಗಳು ಸದ್ದಿಲ್ಲದೆ ಅಳುವುದನ್ನು ಕಲಿತುಬಿಟ್ಟಿದ್ದಳು.

ನಾನು ಎದ್ದು ಹೋಗಿ ಅವಳ ಭುಜ ಹಿಡಿದೆ. "ಕೂಗಿ ಅಳೇ ಮಗಳೇ. ನಿಮ್ಮಜ್ಜಿ ಹೋದ್ರು."

ಅವಳು ತಲೆ ಅಲ್ಲಾಡಿಸಿದಳು. "ನಿಂಗೆ ನೋಯುತ್ತಮ್ಮ" ಎಂದು ಪಿಸುಗುಟ್ಟಿದಳು.

"ನೋಯ್ಲಿ. ಅಳು."

ಅವಳು "ಅಜ್ಜೀ" ಎಂದಳು. ಮೊದಲು ಒಡೆದ ದನಿ, ಆಮೇಲೆ ಆ ಹಳೆಯ ಗಂಟಲು, ಅವರಪ್ಪನ ಗಂಟಲು. ಬೀದಿಯ ತಿರುವಿನಲ್ಲಿ ನನಗೆ ಕೇಳುತ್ತಿದ್ದದ್ದು. ಅದು ನನ್ನ ಹಲ್ಲಿಗೆ, ನೆತ್ತಿಗೆ, ಮಂಡಿಗೆ ಇಳಿಯಿತು. ಕಣ್ಣು ಕತ್ತಲಿಟ್ಟಿತು. ಕೈಗಳು ತಾವಾಗಿಯೇ ಕಿವಿಯ ಕಡೆ ಹೊರಟವು, ಅವುಗಳಿಂದ ಮಗಳನ್ನೇ ಗಟ್ಟಿಯಾಗಿ ಅಪ್ಪಿಕೊಂಡೆ. ಅವಳು ಅತ್ತಳು, ನನ್ನ ಕಿವಿಯ ಪಕ್ಕದಲ್ಲೇ ಅತ್ತಳು. ಅವಳನ್ನು ಕೇಳಿ ಉಳಿದ ಹೆಂಗಸರೂ ಬಾಯಿಬಿಟ್ಟು ಅತ್ತರು. ನಮ್ಮತ್ತೆ ಅನಾಥರಾಗಿ ಹೋಗಲಿಲ್ಲ.

ಅದಾದ ಮೇಲೆ ಒಂದು ತಿಂಗಳು ನಾನು ಹಾಸಿಗೆ ಹಿಡಿದೆ. ಈ ಸಲ ಬಾಗಿಲಿಗೆ ಸೊಪ್ಪು ಕಟ್ಟಿದ್ದು ಚೈತ್ರ. ಈಗ ಅವಳು ಮಾತಾಡುತ್ತಾಳೆ. ಜೋರಾಗಿಯಲ್ಲ, ಆದರೆ ದನಿಯಲ್ಲಿ. ಕೆಲವು ದಿನ ತಡೆಯುತ್ತೇನೆ, ಕೆಲವು ದಿನ ಕೈ ಎತ್ತುತ್ತೇನೆ, ಅವಳು ನಿಲ್ಲಿಸುತ್ತಾಳೆ.

ತಾಯಿ ಮಾರಮ್ಮ, ನನ್ನ ಕಾಯಿಲೆಯನ್ನು ನೀನು ತೆಗೆಯಲಿಲ್ಲ, ನಾನು ಬೇಡಿದ್ದೂ ಅದನ್ನಲ್ಲ. ನಾನು ನಿದ್ದೆ ಬೇಡಿದೆ, ನೀನು ಒಬ್ಬ ಮುದುಕಿಯ ಮಂಜುಗಣ್ಣಿನಿಂದ ಕೊಟ್ಟೆ. ಆ ಮುದುಕಿಯನ್ನು ನೀನೇ ಹಿಂದಕ್ಕೆ ಕರೆದುಕೊಂಡೆ. ಮಗಳ ದನಿ ಬೇಡಿದೆ, ಅದನ್ನು ಅಳುವಾಗಿ ಕೊಟ್ಟೆ. ಕೊಟ್ಟ ಹಾಗೆಯೇ ತೆಗೆದುಕೊಂಡಿದ್ದೇನೆ, ನಿನಗೆ ಶರಣು.